ಕೋರ್ಟಿನಲ್ಲಿ ಕನ್ನಡ ಬಾರದವರು

ಪ್ರಹ್ಲಾದ ಗಲಗಲಿಯವರು ಊಟದ ಸಾಲಿನಲ್ಲಿ ನಿಂತರೂ ಪಾಟೀಸವಾಲು ಬಿಡುತ್ತಿರಲಿಲ್ಲ. ಮನೆಗೊಂದು ಅಡಿಗೆ ತರುವ ನಮ್ಮ ಕನ್ನಡ ಕೂಟದ ಯುಗಾದಿ ಪಾಟ್‌ಲಕ್ಕಿಗೆ ನಾನು ಬಿಸಿಬೇಳೆಬಾತ್ ಮಾಡಿಕೊಂಡು ಹೋಗಿದ್ದೆ. ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಟೈ ಸರಿಪಡಿಸಿಕೊಂಡು ಕೇಳಿದರು: “ಟೀಚರ್, ಇದಕ್ಕ ಅಂಗಡಿ ಪುಡಿ ಹಾಕೀರಿ. ಹೌದೋ ಅಲ್ಲೋ?” ಅರ್ಧ ಮನೆಯದು, ಅರ್ಧ ಅಂಗಡಿಯದು ಅಂದೆ. “ಅರ್ಧ ಅನ್ನೋ ಉತ್ತರ ಇಲ್ರಿ. ಹೌದೋ ಅಲ್ಲೋ, ಅಷ್ಟ ಹೇಳ್ರಿ.” ಸಾಲಿನಲ್ಲಿದ್ದವರೆಲ್ಲ ನಕ್ಕರು. ವಿಧಿಯಿಲ್ಲದೆ ಹೌದು ಅಂದೆ. ಅವರು ಕೇಸು ಗೆದ್ದವರ ಹಾಗೆ ತಲೆಯಾಡಿಸಿ, ನನ್ನ ಪಾತ್ರೆ ಬಿಟ್ಟು ಮೊಸರನ್ನದ ಕಡೆಗೆ ನಡೆದರು. ಆ ಮನುಷ್ಯನ ಮೇಲೆ ನನಗಿರುವ ಸಿಟ್ಟಿಗೆ ಬಿಸಿಬೇಳೆಬಾತ್ ಕಾರಣವಲ್ಲ. ಆದರೆ ಅದನ್ನೂ ನಾನು ಮರೆತಿಲ್ಲ.

ಗಲಗಲಿಯವರು ನಮ್ಮ ಕೌಂಟಿಯಲ್ಲಿ ಪ್ರಾಸಿಕ್ಯೂಟರ್ ಆಗಿದ್ದರು. ಅಮೆರಿಕದ ಈ ಬೇ ಏರಿಯಾದಲ್ಲಿ ಕನ್ನಡದವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ, ಆದರೆ ಹತ್ತರಲ್ಲಿ ಒಂಬತ್ತು ಮಂದಿ ಕಂಪ್ಯೂಟರಿನವರು, ಉಳಿದವರೊಬ್ಬರು ಡಾಕ್ಟರು. ಕೋರ್ಟಿನಲ್ಲಿ ಸರ್ಕಾರದ ಪರವಾಗಿ ಎದ್ದು ನಿಂತು ಮಾತಾಡುವ ಕನ್ನಡಿಗ ಅಂದರೆ ನಮಗೆಲ್ಲ ಹೆಮ್ಮೆ. ರಾಜ್ಯೋತ್ಸವಕ್ಕೆ ಅವರು ಅತಿಥಿ, ಗಣೇಶನ ಹಬ್ಬಕ್ಕೆ ಅವರು ಅತಿಥಿ, ಮಕ್ಕಳ ಸ್ಪರ್ಧೆಗೆ ಅವರೇ ತೀರ್ಪುಗಾರರು. ಧಾರವಾಡದಲ್ಲಿ ಏಳನೇ ಇಯತ್ತೆ ಮುಗಿಸಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವರು, ಬರ್ಕ್ಲಿಯಲ್ಲಿ ಕಾನೂನು ಓದಿದವರು. ಇಂಗ್ಲಿಷ್ ಮಾತಾಡಿದರೆ ಇಲ್ಲೇ ಹುಟ್ಟಿದವರ ಹಾಗೆ, ಕನ್ನಡ ಮಾತಾಡಿದರೆ ಧಾರವಾಡದ ಸುಭಾಸ ರೋಡಿನಿಂದ ಈಗಷ್ಟೇ ಎದ್ದು ಬಂದವರ ಹಾಗೆ. ಬಾಗಿಲಲ್ಲಿ ಚಪ್ಪಲಿ ಬದಲಾಯಿಸಿದಷ್ಟು ಸುಲಭವಾಗಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಮೈಸೂರಿನವಳಾದ ನನಗೆ ಅವರ ಕನ್ನಡ ಕೇಳುವುದೇ ಒಂದು ಖುಷಿಯಾಗಿತ್ತು ಎಂಬುದನ್ನು ಈಗ ಹೇಳಿಕೊಳ್ಳಲು ಹೊಟ್ಟೆ ಉರಿಯುತ್ತದೆ.

ಅವರ ಶಿಸ್ತಿನ ಬಗ್ಗೆ ಕತೆಗಳಿದ್ದವು. ಫ್ರೀವೇಯಲ್ಲಿ ಎಲ್ಲರೂ ಎಂಬತ್ತು ಮೈಲಿಯಲ್ಲಿ ಹೋಗುವಾಗ ಅವರೊಬ್ಬರು ಕಾನೂನಿನ ಅರವತ್ತೈದರಲ್ಲೇ ಹೋಗುತ್ತಾರೆ, ಹಿಂದಿನವರು ಹಾರ್ನ್ ಹೊಡೆದು ಬೈದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಯಾರ ಮನೆಗೆ ಹೋದರೂ ತಮ್ಮ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು. ಯಾರಿಂದಲೂ ಒಂದು ಡಬ್ಬ ಸಿಹಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. “ನಮ್ಮವರು ಅಂತ ಹೇಳಿ ಬಿಡಾವ ನಾ ಅಲ್ರಿ” ಎಂಬುದು ಅವರ ಪಲ್ಲವಿ. ಮೊದಮೊದಲು ಅದನ್ನು ಕೇಳಿ ನಾನೂ ಎಂಥ ದೊಡ್ಡ ಮನುಷ್ಯ ಅಂದುಕೊಂಡಿದ್ದೆ. ನಮ್ಮವರನ್ನು ಬಿಡದೇ ಇರುವುದಕ್ಕೂ ನಮ್ಮವರನ್ನೇ ಹುಡುಕಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು ನನಗೆ ಸ್ವಲ್ಪ ಕಾಲ ಬೇಕಾಯಿತು.

ನಾನು ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ವಾರವೆಲ್ಲ ಒಂದು ಚಿಪ್ ಕಂಪನಿಯಲ್ಲಿ ದುಡಿದು, ಭಾನುವಾರ ಬಾಡಿಗೆ ಕ್ಲಾಸ್‌ರೂಮಿನಲ್ಲಿ ಳ ಮತ್ತು ಲ ಬೇರೆ ಬೇರೆ ಎಂದು ಅರಚುವುದು ನನ್ನ ಹಣೆಬರಹ. ಒಂದು ಸಲ ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ನನ್ನ ವಿದ್ಯಾರ್ಥಿನಿ ಅನ್ವಿ ನಿಂತಳು. ಮೂರನೇ ಕ್ಲಾಸಿನ ಹುಡುಗಿ. ಕೈಯಲ್ಲಿ ಕಾಗದ ಇರಬಾರದು ಎಂಬುದು ನಿಯಮ. ಪಾಪ, ಅವಳು ನಾಲಿಗೆ ತಿರುಗದ ಎರಡು ಪದಗಳನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಭಾಷಣ ಚೆನ್ನಾಗಿಯೇ ಆಯಿತು, ಚಪ್ಪಾಳೆಯೂ ಬಿತ್ತು. ಆಗ ಗಲಗಲಿಯವರು ಮೈಕು ತೆಗೆದುಕೊಂಡು, ಕೈ ತೋರಿಸು ಪುಟ್ಟಾ ಎಂದರು. ಅವಳು ತೋರಿಸಿದಳು. ಇದು ಬರವಣಿಗೆ, ಹೌದೋ ಅಲ್ಲೋ ಎಂದರು. ಅವಳು ಇಂಗ್ಲಿಷಿನಲ್ಲಿ ಎರಡೇ ಪದ ಅಂಕಲ್ ಎಂದಳು. ಹೌದೋ ಅಲ್ಲೋ ಎಂದು ಮತ್ತೆ ಕೇಳಿದರು. ಸಭೆಯ ಮುಂದೆ ಮಗು ಹೌದು ಎಂದು ಅತ್ತಿತು, ಸ್ಪರ್ಧೆಯಿಂದ ಹೊರಬಿತ್ತು. ನಾನು ಸ್ಟೇಜಿನ ಹಿಂದೆ ಅವಳ ಅಂಗೈಯನ್ನು ಒದ್ದೆ ಕರವಸ್ತ್ರದಿಂದ ಒರೆಸುತ್ತಾ ಕೂತಿದ್ದರೆ, ಈಚೆ ದೊಡ್ಡವರೆಲ್ಲ ಇಂಥವರು ಜಡ್ಜ್ ಆಗಬೇಕಪ್ಪಾ ಎಂದು ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಅವರ ಕಿವಿಗೆ ಬಿದ್ದದ್ದು ನನಗೆ ಕಾಣಿಸಿತು.

ಅದಾದ ಮೇಲೂ ನಾನೇ ಅವರನ್ನು ಕ್ಲಾಸಿಗೆ ಕರೆದೆ. ಮಕ್ಕಳಿಗೆ ಕನ್ನಡದ ನುಡಿಗಟ್ಟು ಹೇಳಿಕೊಡುವ ಪಾಠ ಬಂದಿತ್ತು, ನನ್ನ ಬಾಯಲ್ಲಿ ಅದು ಮಕ್ಕಳಿಗೆ ಹಿಡಿಸುತ್ತಿರಲಿಲ್ಲ. ಒಪ್ಪಿಕೊಳ್ಳಬೇಕು, ಆ ದಿನ ಅವರು ಅದ್ಭುತವಾಗಿ ಮಾತಾಡಿದರು. ತಲೆ ತಿನ್ನಬೇಡ ಅಂದರೆ ಯಾರೂ ತಲೆ ತಿನ್ನುವುದಿಲ್ಲ, ಕೈ ಕೊಟ್ಟ ಅಂದರೆ ಕೈ ಕತ್ತರಿಸಿ ಕೊಡುವುದಿಲ್ಲ, ಅಜ್ಜಿ ನಿನ್ನ ಕೆನ್ನೆ ಕಚ್ಚಿ ತಿಂದುಬಿಡ್ತೀನಿ ಅಂದರೆ ಪೊಲೀಸರಿಗೆ ಫೋನ್ ಮಾಡಬಾರದು ಎಂದು ಅಭಿನಯ ಮಾಡಿ ತೋರಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ಬೋರ್ಡಿನ ಮುಂದೆ ನಿಂತು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: “ಮಾತಿನ ಅರ್ಥ ಮಾತಿನಾಗ ಇರೂದಿಲ್ಲ. ಯಾರು ಅಂದ್ರು, ಯಾರಿಗೆ ಅಂದ್ರು, ಅದರಾಗ ಇರ್ತದ.”

ಈ ಮಾತನ್ನು ಹೇಳಿದ ಮನುಷ್ಯನೇ ಗಿರಿಜಕ್ಕನಿಗೆ ಮಾಡಿದ್ದನ್ನು ಮಾಡಿದರು.

ಗಿರಿಜಕ್ಕ ಗದಗಿನವರು. ಗಂಡ ತೀರಿಕೊಂಡ ಮೇಲೆ ಮಗಳು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದಳು. ಸುಮ್ಮನೆ ಕೂರುವ ಜೀವವಲ್ಲ. ಕನ್ನಡದವರ ಮನೆಗಳಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಎಣ್ಣೆ ಹಚ್ಚಿ ನೀರೆರೆಯುವುದು, ಲಾಲಿ ಹಾಡುವುದು, ಮಾತು ಬಾರದ ಕೂಸಿನ ಜೊತೆ ದಿನವಿಡೀ ಮಾತಾಡುವುದು ಅವರ ಕೆಲಸವೂ ಹೌದು, ಸುಖವೂ ಹೌದು. ನನ್ನ ಕ್ಲಾಸಿಗೆ ಬರುವ ಮಕ್ಕಳಲ್ಲಿ ಯಾರಾದರೂ ‘ಬ್ಯಾಡ’, ‘ಯವ್ವಾ’ ಎಂದು ಗದಗಿನ ರಾಗ ಎಳೆದರೆ ಇದು ಗಿರಿಜಕ್ಕನ ಕೈಕೂಸು ಎಂದು ನನಗೆ ತಿಳಿಯುತ್ತಿತ್ತು.

ಅವರು ಕೊನೆಗೆ ನೋಡಿಕೊಂಡದ್ದು ನಿಧಿ ಎಂಬ ಹುಡುಗಿಯ ಮಗುವನ್ನು. ನಿಧಿ ಬೆಂಗಳೂರಿನ ತಂದೆತಾಯಿಗೆ ಇಲ್ಲೇ ಹುಟ್ಟಿದವಳು, ಕೆಲಸ ಪಾಲೋ ಆಲ್ಟೋದಲ್ಲಿ. ಗಂಡ ಅಮೆರಿಕನ್. ಅವಳಿಗೆ ಕನ್ನಡದ ಪದಗಳು ಗೊತ್ತು, ಕನ್ನಡದ ಮಾತು ಗೊತ್ತಿಲ್ಲ. ಮಗುವಿಗೆ ಎರಡು ತುಂಬಿದ ಮೇಲೆ ಡೇಕೇರಿನಲ್ಲಿ ಜಾಗ ಸಿಕ್ಕಿತು, ಗಿರಿಜಕ್ಕನ ಕೆಲಸ ಮುಗಿಯಿತು. ಕೊನೆಯ ದಿನ ಬಾಗಿಲಲ್ಲಿ ಮಗು ಸೀರೆ ಹಿಡಿದುಕೊಂಡು ಬಿಡದೆ ಅತ್ತಿತು. ಗಿರಿಜಕ್ಕ ಅದರ ಮೂಗು ಒರೆಸಿ ಹೇಳಿದರು: “ಹೋಗಿ ಬರ್ತೀನಿ ನನ್ನ ಬಂಗಾರ. ಹಿಂಗ ಅತ್ತರ ನಿನ್ನ ಎತಗೊಂಡು ಓಡಿ ಹೋಗಿಬಿಡ್ತೀನಿ ನೋಡು.” ನಮ್ಮಲ್ಲಿ ಯಾರು ಈ ಮಾತನ್ನು ಕೇಳದೆ ಬೆಳೆದಿದ್ದೇವೆ? ನಾನಂತೂ ನನ್ನ ಸೋದರತ್ತೆಯ ಬಾಯಲ್ಲಿ ವಾರಕ್ಕೊಂದು ಸಲ ಕೇಳಿದ್ದೇನೆ. ಬಾಗಿಲ ಪಕ್ಕದ ಕ್ಯಾಮೆರಾ ಅದನ್ನೆಲ್ಲ ಕೇಳಿಸಿಕೊಂಡಿತು.

ಕೆಲವು ದಿನಗಳಾದ ಮೇಲೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದ ಗಿರಿಜಕ್ಕನನ್ನು ಕಂಡು ಮಗು ಓಡಿ ಬಂತು. ಕೈಯೆಲ್ಲ ಮರಳು. ನಿಧಿ ಅತ್ತ ತಿರುಗಿ ಆಫೀಸಿನ ಫೋನಿನಲ್ಲಿದ್ದಳು. ಗಿರಿಜಕ್ಕ ಮಗುವನ್ನು ಎತ್ತಿಕೊಂಡು, ಮರಗಳ ಆಚೆಯಿದ್ದ ನಲ್ಲಿಗೆ ಕೈ ತೊಳೆಸಲು ಹೋದರು. ನಿಧಿ ತಿರುಗಿ ನೋಡಿದರೆ ಮಗು ಇಲ್ಲ. ಅವಳು ಕಿರುಚಿದ್ದನ್ನು, ಯಾರೋ ಪೊಲೀಸರಿಗೆ ಫೋನ್ ಮಾಡಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಹೆತ್ತ ಕರುಳು, ಆ ಕ್ಷಣ ಯಾರಿಗಾದರೂ ಹಾಗೇ ಆಗುತ್ತಿತ್ತು. ತಾಯಿಗೆ ಹೇಳದೆ ಎತ್ತಿಕೊಂಡು ಹೋದದ್ದು ಗಿರಿಜಕ್ಕನ ಅವಿವೇಕವೇ. ಆದರೆ ಅಷ್ಟಕ್ಕೇ ಮುಗಿಯಬೇಕಿದ್ದ ಸಂಗತಿ ಮುಗಿಯಲಿಲ್ಲ. ಆ ರಾತ್ರಿ ನಿಧಿಗೆ ಬಾಗಿಲಲ್ಲಿ ಕೇಳಿದ್ದ ಮಾತು ನೆನಪಾಯಿತು, ಕ್ಯಾಮೆರಾದ ರೆಕಾರ್ಡಿಂಗ್ ಪೊಲೀಸರ ಕೈ ಸೇರಿತು. ಯಾವುದೋ ದೂರದ ಕಂಪನಿಯವರು ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರು: ಹೋಗಿ ಮತ್ತೆ ಬರುತ್ತೇನೆ, ನಿನ್ನನ್ನು ಎತ್ತಿಕೊಂಡು ಓಡಿಹೋಗುತ್ತೇನೆ. ಒಂದು ಪದವೂ ತಪ್ಪಿಲ್ಲ. ಮಗುವಿನ ಅಪಹರಣದ ಯತ್ನ ಎಂದು ಕೇಸಾಯಿತು. ಕೇಸು ಬಂದದ್ದು ಗಲಗಲಿಯವರ ಮೇಜಿಗೆ.

ಸುದ್ದಿ ಕೇಳಿ ನನಗೆ ನಿಜವಾಗಿ ಸಮಾಧಾನವಾಯಿತು. ಸದ್ಯ, ಕನ್ನಡ ಬಲ್ಲವರ ಕೈಗೇ ಹೋಯಿತಲ್ಲ, ಇನ್ನು ನಾಲ್ಕು ದಿನದಲ್ಲಿ ಕೇಸು ಕೈಬಿಡುತ್ತಾರೆ ಎಂದು ಗಿರಿಜಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದೆ. ನಾಲ್ಕು ದಿನವಲ್ಲ, ತಿಂಗಳುಗಳಾದವು. ಸರ್ಕಾರವೇ ಗಿರಿಜಕ್ಕನಿಗೆ ಕೊಟ್ಟಿದ್ದ ವಕೀಲೆ, ಮರಿಸೋಲ್ ಎಂಬ ಚುರುಕು ಹುಡುಗಿ, ನನ್ನನ್ನು ಕೂರಿಸಿಕೊಂಡು ಆ ಮಾತಿನ ಅರ್ಥವನ್ನೆಲ್ಲ ಕೇಳಿ ತಿಳಿದುಕೊಂಡಳು. ಅದನ್ನು ಗಲಗಲಿಯವರ ಮುಂದಿಟ್ಟಳು. ಅನುವಾದ ಏನು ಹೇಳುತ್ತದೋ ನಾನು ಅದನ್ನೇ ನೋಡುವುದು ಎಂದು ಅವರು ಉತ್ತರ ಕೊಟ್ಟರಂತೆ.

ಮುಂದಿನ ವಾಯಿದೆಗೆ ನಾನೇ ರಜೆ ಹಾಕಿ ಕೋರ್ಟಿಗೆ ಹೋದೆ. ಅವರು ಕಾರಿಡಾರಿನಲ್ಲಿ ಕಾಫಿ ಲೋಟ ಹಿಡಿದು ಬರುತ್ತಿದ್ದರು. ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು ಹೇಳಿದ್ದೇನು, ಈಗ ಮಾಡುತ್ತಿರುವುದೇನು ಎಂದು ಕೇಳಿದೆ. ಸಿಟ್ಟಾಗಲಿಲ್ಲ. ಗೋಡೆಯ ಪಕ್ಕಕ್ಕೆ ಕರೆದು, ಕ್ಲಾಸಿನ ಮಕ್ಕಳಿಗೆ ಹೇಳುವಷ್ಟು ತಾಳ್ಮೆಯಿಂದ ವಿವರಿಸಿದರು. ಪ್ರಾಸಿಕ್ಯೂಟರ್ ಆದವನು ಸಾಕ್ಷಿಯಾಗುವಂತಿಲ್ಲ, ಅನುವಾದಕನಾಗುವಂತಿಲ್ಲ. ನನಗೆ ಹೀಗೆ ಅರ್ಥವಾಗುತ್ತದೆ ಎಂದರೆ ಕೇಸು ಇನ್ನೊಬ್ಬರಿಗೆ ಹೋಗುತ್ತದೆ, ಅವರು ದಯೆ ತೋರಿಸುತ್ತಾರೆ ಎಂದು ಏನು ಗ್ಯಾರಂಟಿ? ನಾನಾದರೆ ಚಿಕ್ಕ ಅಪರಾಧಕ್ಕೆ ಇಳಿಸಿ, ಜೈಲಿಲ್ಲದೆ ಮುಗಿಸಿಕೊಡುತ್ತೇನೆ ಎಂದರು. ನಾನು ಅದೆಲ್ಲ ಬೇಡ, ಆ ಮಾತು ನಿಮಗೆ ಏನೆಂದು ಕೇಳಿಸಿತು, ಅದನ್ನು ಹೇಳಿ ಎಂದೆ.

“ಟೀಚರ್, ಕೋರ್ಟಿನಾಗ ನನಗ ಕನ್ನಡ ಬರೂದಿಲ್ರಿ” ಎಂದರು. ನಗುತ್ತಲೇ ಹೇಳಿದರು. ಆಮೇಲೆ ಲೋಟದ ಕಾಫಿ ಮುಗಿಸಿ, ಲೋಟವನ್ನು ಸರಿಯಾದ ಬಣ್ಣದ ಕಸದ ಡಬ್ಬಿ ಹುಡುಕಿ ಅದರಲ್ಲೇ ಹಾಕಿ ಹೋದರು.

ಅವರ ವಾದವನ್ನು ನಾನು ಬಹಳ ದಿನ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಸಾಕ್ಷಿಯಾಗುವಂತಿಲ್ಲ, ಸರಿ. ಆದರೆ ತಮ್ಮ ಮೇಲಿನ ಅಧಿಕಾರಿಯ ಕೋಣೆಗೆ ಹೋಗಿ, ಇದು ಅಜ್ಜಿಯರು ಆಡುವ ಮುದ್ದಿನ ಮಾತು, ಬೇರೆ ಯಾರಾದರೂ ಕನ್ನಡ ಬಲ್ಲವರನ್ನು ಕೇಳಿ ನೋಡಿ ಎನ್ನಲು ಯಾವ ಕಾನೂನು ಅಡ್ಡ ಬರುತ್ತಿತ್ತು ಎಂದು ಮರಿಸೋಲ್‌ಳನ್ನು ಕೇಳಿದೆ. ಯಾವುದೂ ಇಲ್ಲ ಎಂದಳು. ಅವರು ಹಾಗೆ ಮಾಡದೆ ಇದ್ದದ್ದಕ್ಕೆ ಕಾರಣ ಆ ವರ್ಷವೇ ಹೊರಬಿತ್ತು. ಗಲಗಲಿ ಸಾಹೇಬರು ಜಡ್ಜಿನ ಸ್ಥಾನಕ್ಕೆ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದರು. ಇಲ್ಲಿ ಜಡ್ಜುಗಳನ್ನೂ ಜನರೇ ವೋಟು ಹಾಕಿ ಆರಿಸುತ್ತಾರೆ. ತನ್ನ ಊರ ಕಡೆಯ ದಾದಿಯನ್ನು ಮಗು ಕದಿಯುವ ಕೇಸಿನಿಂದ ಬಿಟ್ಟ ಎಂದು ಎದುರಾಳಿ ಒಂದು ಸಾಲು ಹಾಕಿದರೆ ಕತೆ ಮುಗಿಯಿತಲ್ಲ.

ಚಿಕ್ಕ ಅಪರಾಧವನ್ನು ಒಪ್ಪಿಕೊಳ್ಳುವ ಒಪ್ಪಂದದ ದಿನ ಗಿರಿಜಕ್ಕ ಇಳಕಲ್ ಸೀರೆ ಉಟ್ಟು ಬಂದಿದ್ದರು. ಕನ್ನಡದ ದುಭಾಷಿ ಈ ಕಡೆ ಸುಲಭಕ್ಕೆ ಸಿಗುವುದಿಲ್ಲ, ಯಾವುದೋ ಬೇರೆ ರಾಜ್ಯದಿಂದ ಒಬ್ಬರು ಟೀವಿ ಪರದೆಯ ಮೇಲೆ ಕೂತಿದ್ದರು. ವಿಚಾರಣೆಗೆ ಹೋಗಿ ಸೋತರೆ ಜೈಲು, ಆಮೇಲೆ ಗಡೀಪಾರು. ಒಪ್ಪಿಕೊಂಡರೆ ಮನೆಗೆ ಹೋಗಬಹುದು. ಮಗಳು ಅತ್ತು ಕರೆದು ಒಪ್ಪಿಸಿದ್ದಳು. ಆ ದಿನ ಕೂತಿದ್ದ ಜಡ್ಜ್ ಎಲ್ಲ ಅರ್ಥವಾಯಿತೇ ಎಂದು ಕೇಳಿದಾಗ ಗಿರಿಜಕ್ಕ ಅವರ ಕಡೆ ನೋಡಲಿಲ್ಲ, ಪರದೆಯ ಕಡೆಗೂ ನೋಡಲಿಲ್ಲ. ನೇರ ಗಲಗಲಿಯವರ ಕಡೆ ತಿರುಗಿದರು. “ನೀವ ಹೇಳ್ರಿ ಯಪ್ಪಾ, ನಿಮಗ ತಿಳಿತದಲ್ಲ” ಎಂದರು. ಗಲಗಲಿಯವರು ಕಾಗದದಿಂದ ತಲೆ ಎತ್ತಲಿಲ್ಲ. ಕೋರ್ಟಿಗೆ ಮಾತ್ರ ಉತ್ತರ ಕೊಡಬೇಕು ಎಂದು ಜಡ್ಜ್ ಮೆತ್ತಗೆ ಹೇಳಿದರು. ಗಿರಿಜಕ್ಕ ಹ್ಞೂಂ ಅಂದರು. ನನಗೆ ಎದ್ದು ಹೋಗಿ ಆ ಮನುಷ್ಯನ ಟೈ ಹಿಡಿದು ಎಳೆಯಬೇಕು ಅನ್ನಿಸಿತ್ತು.

ಜೈಲೇನೂ ಆಗಲಿಲ್ಲ, ನಿಜ. ಆದರೆ ಗಿರಿಜಕ್ಕ ಮತ್ತೆ ಯಾರ ಮಗುವನ್ನೂ ನೋಡಿಕೊಳ್ಳುವಂತಿಲ್ಲ. ಮಗಳು ಸಂಸಾರ ಸಮೇತ ಗಿಲ್‌ರಾಯ್ ಎಂಬ ದೂರದ ಊರಿಗೆ ಮನೆ ಬದಲಾಯಿಸಿದಳು, ಬಾಡಿಗೆ ಕಡಿಮೆ ಎಂದು ಹೇಳಿದಳು, ಕನ್ನಡದವರ ಕಣ್ಣು ತಪ್ಪಿಸಲು ಎಂದು ನನಗೆ ಗೊತ್ತು. ಅಲ್ಲಿ ಮೊಮ್ಮಗನ ಶಾಲೆಯವರು ಪ್ರವಾಸಕ್ಕೆ ಜೊತೆಗೆ ಬರಲು ಅಜ್ಜಿಯರನ್ನು ಕರೆದಾಗ, ಹಳೆಯ ಕೇಸು ಇದೆಯೇ ಎಂದು ನೋಡಲು ಬೆರಳಿನ ಗುರುತು ಕೊಡಬೇಕು ಎಂದು ತಿಳಿದು ಗಿರಿಜಕ್ಕ ಹಿಂದೆ ಸರಿದರು. ಗದಗಿನಲ್ಲಿ ತಂಗಿ ತೀರಿಕೊಂಡಾಗ ಹೋಗಲಿಲ್ಲ. ಹೋದರೆ ವಾಪಸು ಬರುವಾಗ ಏರ್‌ಪೋರ್ಟಿನಲ್ಲೇ ತಡೆದಾರು ಎಂದು ಲಾಯರು ಹೆದರಿಸಿದ್ದರು. ನಾನು ನೋಡಲು ಹೋದಾಗ ಪಕ್ಕದ ಮನೆಯ ಕೂಸು ಬೇಲಿಯ ಸಂದಿಯಿಂದ ಕೈ ಚಾಚುತ್ತಿತ್ತು. ಗಿರಿಜಕ್ಕ ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು.

ಒಂದು ದಾರಿ ಉಳಿದಿತ್ತು. ಆ ತೀರ್ಪನ್ನು ರದ್ದು ಮಾಡಲು ಅರ್ಜಿ ಹಾಕಬಹುದು ಎಂದು ಮರಿಸೋಲ್ ಹೇಳಿದಳು. ಆ ಮಾತಿನ ಅರ್ಥ ತಮಗೆ ಆಗಲೇ ಗೊತ್ತಿತ್ತು ಎಂದು ಗಲಗಲಿಯವರು ಒಪ್ಪಿಕೊಂಡರೆ ಅರ್ಜಿಗೆ ಜೀವ ಬರುತ್ತದೆ. ಇಲ್ಲದಿದ್ದರೆ ಕಷ್ಟ. ಅಂದರೆ ಒಬ್ಬ ಮನುಷ್ಯ ಒಂದು ನಿಜ ಹೇಳಬೇಕು, ಅಷ್ಟೇ.

ಅಷ್ಟರಲ್ಲಿ ಪ್ರಚಾರ ಶುರುವಾಗಿತ್ತು. ಬೀದಿಬೀದಿಯ ಹುಲ್ಲುಹಾಸಿನ ಮೇಲೆ ಅವರ ಹೆಸರಿನ ಬೋರ್ಡುಗಳು ನಿಂತವು. ಇಲ್ಲಿಯವರಿಗೆ ಪ್ರಹ್ಲಾದ ಎಂದು ಹೇಳಲು ಬರುವುದಿಲ್ಲವಾದ್ದರಿಂದ ಬೋರ್ಡಿನ ಮೇಲೆ ‘ಪ್ಯಾಲ್’ ಆಗಿದ್ದರು. ಇಂಗ್ಲಿಷಿನಲ್ಲಿ ಹಾಗೆಂದರೆ ಗೆಳೆಯ. ನಮ್ಮ ಯಜಮಾನರು ಯಾರಿಗೂ ಬೇಡ ಅನ್ನಲಾರದ ಪ್ರಾಣಿ, ಕೂಟದವರು ಕೊಟ್ಟರೆಂದು ಒಂದು ಬೋರ್ಡನ್ನು ನಮ್ಮ ಮನೆಯ ಮುಂದೂ ನೆಟ್ಟುಬಿಟ್ಟರು. ನಾನು ಅದನ್ನು ಆ ಸಂಜೆಯೇ ಕಿತ್ತು ಹಾಕಿದೆ. ಅದರ ತಂತಿಯ ಕಾಲುಗಳು ಹಿತ್ತಲಲ್ಲಿ ಅವರೆ ಬಳ್ಳಿಗೆ ಆಸರೆಯಾದವು. ಆ ಮನುಷ್ಯನಿಂದ ನನಗೆ ಆದ ಉಪಕಾರ ಅದೊಂದೇ.

ಕೂಟದವರು ಸಭೆ ಏರ್ಪಡಿಸಿ, ಕನ್ನಡದಲ್ಲಿ ಪರಿಚಯ ಭಾಷಣ ಮಾಡಬೇಕೆಂದು ನನ್ನನ್ನೇ ಕೇಳಿದರು. ಆಗುವುದಿಲ್ಲ ಅಂದೆ. ನಮ್ಮವರೊಬ್ಬರು ಜಡ್ಜ್ ಆಗುವಾಗ ನಿಮ್ಮದೇನು ತಕರಾರು ಎಂದು ಅಧ್ಯಕ್ಷರು ಮುಖ ಊದಿಸಿಕೊಂಡರು. ಆದರೂ ಸಭೆಗೆ ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಗಲಗಲಿಯವರು ಮೊದಲು ಧಾರವಾಡದ ಫೇಡೆಯಿಂದ ಶುರುಮಾಡಿ ಎಲ್ಲರನ್ನೂ ನಗಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ನಮ್ಮ ಕಡೆ ಹೆಣ್ಮಗಳೊಬ್ಬಾಕಿ ಕೂಸಿನ ವಿಷಯದಾಗ ತಪ್ಪ ಮಾಡಿದ್ಲು. ಕನ್ನಡದಾಕಿ ಅಂತ ನಾ ಬಿಡಲಿಲ್ಲ.” ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತಟ್ಟಿದವರಲ್ಲಿ ಗಿರಿಜಕ್ಕನ ಕೈಯಲ್ಲಿ ಎಣ್ಣೆನೀರು ಎರೆಸಿಕೊಂಡ ಕೂಸುಗಳ ಅಪ್ಪ ಅಮ್ಮಂದಿರೂ ಇದ್ದರು. ನನ್ನ ಮೈ ಉರಿದುಹೋಯಿತು.

ಸಭೆ ಮುಗಿದ ಮೇಲೆ ಅವರನ್ನು ಕಾರಿನ ಹತ್ತಿರ ಹಿಡಿದು ಅರ್ಜಿಯ ವಿಷಯ ಹೇಳಿದೆ. ತಂಗಿ ಸತ್ತದ್ದನ್ನೂ ಹೇಳಿದೆ. ಅವರಿಗೆ ನಿಜವಾಗಿ ಬೇಸರವಾದ ಹಾಗೆ ಕಾಣಿಸಿತು. ಎಲೆಕ್ಷನ್ ಮುಗೀಲಿ, ನೋಡೂಣು ಎಂದರು. ಎಲೆಕ್ಷನ್ ಮುಗಿಯಿತು, ಗೆದ್ದರು, ಕರಿ ನಿಲುವಂಗಿ ತೊಟ್ಟ ಫೋಟೋ ಎಲ್ಲರ ಫೋನಿಗೂ ಬಂತು. ಜಡ್ಜ್ ಆದವನು ಹಳೆಯ ಕೇಸುಗಳ ಬಗ್ಗೆ ಮಾತಾಡುವಂತಿಲ್ಲ ಎಂಬ ಸಂದೇಶ ನನಗೊಬ್ಬಳಿಗೆ ಬಂತು. ಮೊದಲು ಪ್ರಾಸಿಕ್ಯೂಟರ್ ಎಂದು ಆಗಲಿಲ್ಲ, ನಡುವೆ ಅಭ್ಯರ್ಥಿ ಎಂದು ಆಗಲಿಲ್ಲ, ಈಗ ಜಡ್ಜ್ ಎಂದು ಆಗುವುದಿಲ್ಲ. ಬರೀ ಮನುಷ್ಯನಾಗಿ ಸಿಕ್ಕುವ ಸಮಯವೇ ಅವರಿಗೆ ಇರಲಿಲ್ಲ.

ಆಮೇಲೆ ಅವರನ್ನು ನಾನು ಕಂಡದ್ದು ಒಂದೇ ಸಲ. ಈ ದೇಶದಲ್ಲಿ ಪ್ರಜೆಯಾದವರನ್ನೆಲ್ಲ ಸರದಿ ಮೇಲೆ, ಕೇಸು ಕೇಳಿ ತೀರ್ಪು ಹೇಳುವ ಜ್ಯೂರಿ ಕೆಲಸಕ್ಕೆ ಕರೆಯುತ್ತಾರೆ. ನನಗೂ ಕರೆ ಬಂತು, ಹೋಗಿ ಕಾದು ಕೂತೆ, ಎಲ್ಲರ ಜೊತೆ ಒಂದು ಕೋಣೆಗೆ ಕಳಿಸಿದರು. ಎತ್ತರದ ಪೀಠದ ಮೇಲೆ ಕೂತಿದ್ದವರು ಗಲಗಲಿಯವರು. ಸ್ವಲ್ಪ ದಪ್ಪಗಾಗಿದ್ದರು, ಕನ್ನಡಕ ಬದಲಾಗಿತ್ತು. ಕೇಸು ಯಾರದೋ ಕಾರು ಕದ್ದದ್ದು. ವಕೀಲರನ್ನಾಗಲಿ, ಆರೋಪಿಯನ್ನಾಗಲಿ, ನನ್ನನ್ನಾಗಲಿ ಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕೈ ಎತ್ತಿದೆ. ಕನ್ನಡಕದ ಹಿಂದೆ ಅವರ ರೆಪ್ಪೆ ಒಮ್ಮೆ ಹೊಡೆದುಕೊಂಡಿತು.

ಆ ಪರಿಚಯದಿಂದ ಇಲ್ಲಿ ನಿಷ್ಪಕ್ಷಪಾತವಾಗಿರಲು ನಿಮಗೆ ತೊಂದರೆಯಾಗುತ್ತದೆಯೇ, ಹೌದು ಅಥವಾ ಇಲ್ಲ ಎಂದರೆ ಸಾಕು ಎಂದರು. ಅದು ಹೌದು ಇಲ್ಲದಲ್ಲಿ ಮುಗಿಯುವುದಿಲ್ಲ, ನಮ್ಮ ಪರಿಚಯ ಕನ್ನಡದ್ದು, ಆದ್ದರಿಂದ ಕನ್ನಡದಲ್ಲೇ ಹೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಅವರು ಬೇಡ ಅನ್ನುವುದರೊಳಗೆ ಹೇಳಿಯೇಬಿಟ್ಟೆ.

“ಗಿರಿಜಕ್ಕ ಆ ಮಗೂನ ಎತ್ಕೊಂಡು ಓಡಿಹೋಗ್ತೀನಿ ಅಂದಿದ್ದು ಮುದ್ದಿಗೆ ಅಂತ ನಿಮಗೆ ಅವತ್ತೇ ಗೊತ್ತಿತ್ತು. ಗೊತ್ತಿತ್ತು ಅಂತ ಒಂದೇ ಒಂದ್ಸಲ ಬಾಯಿಬಿಟ್ಟು ಹೇಳಿ. ಅಷ್ಟಾದ್ರೆ ಅವರು ಊರಿಗೆ ಹೋಗಿ ಬರಬಹುದು.”

ಕೋಣೆಯಲ್ಲಿ ಆಡಿದ ಪ್ರತಿ ಮಾತನ್ನೂ ಟೈಪು ಮಾಡುವ ಹೆಂಗಸು ಎರಡೂ ಕೈ ಮೇಲೆತ್ತಿ, ಇದು ನನಗೆ ತಿಳಿಯಲಿಲ್ಲ, ಇಂಗ್ಲಿಷಿನಲ್ಲಿ ಬೇಕು ಎಂದಳು. ಎಲ್ಲರೂ ಜಡ್ಜಿನ ಮುಖ ನೋಡಿದರು. ನಾನೂ ನೋಡಿದೆ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ಆಸೆ ಹುಟ್ಟಿತು. ಈ ಮನುಷ್ಯ ಇಷ್ಟು ಜನರ ಮುಂದೆ ಸುಳ್ಳು ಹೇಳಲಾರ ಅನ್ನಿಸಿತು. ಫ್ರೀವೇಯಲ್ಲಿ ಅರವತ್ತೈದು ದಾಟದವನು ಎಂದುಕೊಂಡೆ.

ಗಲಗಲಿಯವರು ಟೈಪಿನವಳ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ, ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು. ಇವರಿಗೆ ಹತ್ತಿರದ ಹಿರಿಯ ಮಹಿಳೆಯೊಬ್ಬರಿಗೆ ಮೈ ಸರಿಯಿಲ್ಲ. ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಅವರು ಊರಿಗೆ ಹೋಗಬೇಕೆಂದು ಹಂಬಲಿಸುತ್ತಿದ್ದಾರೆ. ಇಂಥ ಸಂದರ್ಭದಲ್ಲಿ ಈ ಮೇಡಂ ಅವರನ್ನು ಇಲ್ಲಿ ಕೂರಿಸುವುದು ನ್ಯಾಯವಲ್ಲ, ಕೋರ್ಟು ಇವರನ್ನು ವಂದನೆಗಳೊಂದಿಗೆ ಕಳಿಸಿಕೊಡುತ್ತದೆ.

ಟೈಪಿನವಳ ಬೆರಳುಗಳು ಓಡಿದವು. ಅಲ್ಲ, ಅದಲ್ಲ ನಾನು ಹೇಳಿದ್ದು ಎಂದು ಇಂಗ್ಲಿಷಿನಲ್ಲಿ ಅಂದೆ. ಅಷ್ಟರಲ್ಲಿ ಗುಮಾಸ್ತ ಮುಂದಿನವರ ನಂಬರು ಓದುವ ದನಿ ಎತ್ತರಿಸಿದ್ದ, ಕಾವಲಿನವನು ನನಗಾಗಿ ಬಾಗಿಲು ತೆರೆದು ಹಿಡಿದಿದ್ದ. ಪಕ್ಕದಲ್ಲಿ ಕೂತಿದ್ದ ಬಿಳಿ ಕೂದಲಿನ ಹೆಂಗಸು ನನ್ನ ಕೈ ಹಿಡಿದು ತಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು. ಎಂಥ ಒಳ್ಳೆಯ ಜಡ್ಜ್ ಎಂದು ಪಿಸುಗುಟ್ಟಿ, ನಿಮ್ಮ ಆ ಹಿರಿಯರು ಬೇಗ ಹುಷಾರಾಗಲಿ ಎಂದಳು. ಥ್ಯಾಂಕ್ಯೂ ಎಂದು ನನ್ನ ಬಾಯಿಗೆ ಬಂದುಬಿಟ್ಟಿತು.